ಒಳಗೆ ಯಾರಿದ್ದೀರಿ?

ಮಾರ್ಚ್ ೯, ಭಾನುವಾರ

ಪ್ರೀತಿಯ ಕಡ್ಡಿ,

ಹೇಗಿದ್ದೀಯಾ? ಮಂಡಿ ನೋವು ಹೇಗಿದೆ? ಮಗಳು, ಅಳಿಯ, ಆ ಬಾಯಿಬಡುಕಿ ಮೊಮ್ಮಗಳು ಎಲ್ಲರೂ ಆರಾಮ ತಾನೆ? ನಾನಿಲ್ಲಿ ಇದ್ದೇನೆ. ಚೆನ್ನಾಗಿದ್ದೇನೆ ಎಂದು ಬರೆಯಲು ಹೋದರೆ ಪೆನ್ನು ಮುಂದೆ ಹೋಗುವುದಿಲ್ಲ, ಅದಕ್ಕೇ ಇದ್ದೇನೆ ಎಂದಷ್ಟೇ ಬರೆದೆ.

ನಿನ್ನ ಕಾಗದ ಬಂದು ಐದು ತಿಂಗಳಾಯಿತು. ತಡವಾದದ್ದಕ್ಕೆ ಬೈಯುವುದಿದ್ದರೆ ಈಗಲೇ ಬೈದು ಮುಗಿಸಿಬಿಡು. ಕೊನೆಗೆ ಬರುವಷ್ಟರಲ್ಲಿ ಇದಕ್ಕಿಂತ ದೊಡ್ಡ ಕಾರಣ ಸಿಗುತ್ತದೆ. ಮೊದಲೆರಡು ತಿಂಗಳಿಗೆ ಪರೀಕ್ಷೆ, ಉತ್ತರಪತ್ರಿಕೆ ಎಂದು ಏನೋ ಒಂದು ನೆಪ ಹೇಳಬಹುದು. ಆಮೇಲಿನ ಮೂರು ತಿಂಗಳಿಗೆ ನೆಪವೂ ಇಲ್ಲ. ನಾಲ್ಕು ಸಲ ಫೋನು ತೆಗೆದು ನಿನ್ನ ನಂಬರು ಒತ್ತಿದೆ, ರಿಂಗಾಗುವ ಮೊದಲೇ ಇಟ್ಟುಬಿಟ್ಟೆ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಷ್ಟಕ್ಕೇ ಮಾತು ಬದಲಿಸಿಬಿಡುತ್ತೇನೆ. ಕಾಗದವಾದರೆ ನೀನು ತಡೆಯಲಾರೆ, ನಾನು ತಪ್ಪಿಸಿಕೊಳ್ಳಲಾರೆ.

ನೀನು ಕೇಳಿದ್ದು ಎಷ್ಟು ಸಣ್ಣ ವಿಷಯ! ಮೂರನೇ ಕ್ಲಾಸಿನ ಮೊಮ್ಮಗಳು "ಇತಿಹಾಸ ಅಂದ್ರೆ ಸತ್ತವರ ಹಾಜರಿ ಪುಸ್ತಕ ಅಜ್ಜಿ" ಎನ್ನುತ್ತಾಳೆ, ಅವಳಿಗೆ ಇಷ್ಟವಾಗುವಂಥದ್ದು ಇಂಟರ್ನೆಟ್ಟಿನಲ್ಲಿ ಏನಾದರೂ ಇದ್ದರೆ ಹೇಳು ಎಂದು ಬರೆದಿದ್ದೆ. ಆ ಮಾತನ್ನು ಓದಿ ಒಬ್ಬಳೇ ಕೂತು ನಕ್ಕಿದ್ದೆ. ಆಗ ಇನ್ನೂ ನಗು ಬರುತ್ತಿತ್ತು. ಕೇಳಿದ್ದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದೂ ಬಾಕಿ ಉಳಿಯುತ್ತದೆ.

ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳು ಈಗ ತಮ್ಮ ಸಾಮಾನನ್ನೆಲ್ಲ ಜಾಲತಾಣದಲ್ಲಿ ಇಟ್ಟಿವೆ. ಸಾವಿರಾರು ವರ್ಷ ಹಳೆಯ ಮಡಕೆಯನ್ನು ಪರದೆಯ ಮೇಲೆ ಬೆರಳಿನಿಂದ ತಿರುಗಿಸಿ ನೋಡಬಹುದು. ನಮ್ಮ ನಾಲ್ಕನೇ ಕ್ಲಾಸಿನವರು ಅದರ ತಳದಲ್ಲಿ ಕುಂಬಾರನ ಹೆಬ್ಬೆಟ್ಟಿನ ಗುರುತು ಕಂಡುಹಿಡಿದು, ಒಬ್ಬೊಬ್ಬರಾಗಿ ಬಂದು ಪರದೆಗೆ ತಮ್ಮ ಹೆಬ್ಬೆಟ್ಟು ಒತ್ತಿ ಅಳತೆ ನೋಡಿದರು. ಪರದೆ ಒರೆಸುವುದರಲ್ಲಿ ನನಗೆ ಸಾಕಾಯಿತು. ಹಳೆಯ ನಕ್ಷೆಯ ಮೇಲೆ ಹೊಸ ನಕ್ಷೆ ಹಾಸಿರುವ ತಾಣಗಳೂ ಇವೆ. ನಡುವಿನ ಗೆರೆಯನ್ನು ಎಡಕ್ಕೆ ಎಳೆದರೆ ಇಂದಿನ ಊರು, ಬಲಕ್ಕೆ ಎಳೆದರೆ ಹಿಂದಿನದು. ಒಬ್ಬನ ಮನೆ ಇರುವ ಜಾಗದಲ್ಲಿ ಮೊದಲು ಕೆರೆಯಿತ್ತು ಎಂದು ಗೊತ್ತಾಗಿ ಅವನು ಎರಡು ದಿನ ಮಂಚದಿಂದ ಕೆಳಗಿಳಿಯಲು ಹೆದರಿದನಂತೆ. ಕಾಲದ ಪಟ್ಟಿಯ ಆಟವೂ ಇದೆ, ಘಟನೆಗಳ ಚೀಟಿಗಳನ್ನು ಎಳೆದು ಸರಿಯಾದ ಜಾಗದಲ್ಲಿಡಬೇಕು. ನಮ್ಮವರು 'ಟೀಚರ್ ಹುಟ್ಟಿದ್ದು' ಎಂಬ ಚೀಟಿ ತಾವೇ ಮಾಡಿ ಅದನ್ನು 'ಚಕ್ರ ಕಂಡುಹಿಡಿದದ್ದು' ಎಂಬ ಚೀಟಿಗಿಂತ ಮೊದಲು ಇಟ್ಟರು. "ಬೆಂಕಿ ಕಂಡುಹಿಡಿದಿದ್ದಾದ್ರೂ ನನಗಿಂತ ಮೊದಲೇನಪ್ಪಾ?" ಎಂದು ಕೇಳಿದೆ. ತುಂಬಾ ಯೋಚನೆ ಮಾಡಿ "ಇರಬಹುದು ಟೀಚರ್" ಎಂದರು.

ಒಂದು ಎಚ್ಚರಿಕೆ. ಬಣ್ಣಬಣ್ಣದ ಕತ್ತಿ ತೋರಿಸಿ ಅರಚುವ ವೀಡಿಯೊಗಳನ್ನು ಇತಿಹಾಸ ಎಂದು ತೋರಿಸಬೇಡ. ಮಗು ಪಕ್ಕದಲ್ಲಿ ನೀನೂ ಕೂತು ನೋಡು. ಏನು ನೋಡಿದರೂ ನಾಲ್ಕು ಪ್ರಶ್ನೆ ಕೇಳುವುದನ್ನು ಕಲಿಸು. ಮಕ್ಕಳಿಗೆಂದೇ ಇರುವ ಒಂದು ತಾಣದಿಂದ ನಾನು ಅವನ್ನು ಇಳಿಸಿಕೊಂಡು, ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಇದನ್ನು ಹೇಳಿದವರು ಯಾರು? ಆಗ ಅವರು ಎಲ್ಲಿದ್ದರು? ಹಾಗೆ ಹೇಳಿದ್ದರಿಂದ ಅವರಿಗೇನು ಲಾಭ? ಬೇರೆ ಯಾರಾದರೂ ನೋಡಿದ್ದಾರಾ? ಇಷ್ಟೇ. ಜೊತೆಗೆ ನನ್ನದೊಂದು ಹಳೆಯ ನಿಯಮ ನಿನಗೆ ಗೊತ್ತಲ್ಲ, ತಪ್ಪು ಬರೆದರೆ ರಬ್ಬರು ಹಾಕಬಾರದು. ತಪ್ಪು ಹಾಗೇ ಕಾಣಲಿ, ಸರಿಯಾದದ್ದನ್ನು ಪಕ್ಕದಲ್ಲಿ ಬರೆಯಿರಿ ಎನ್ನುತ್ತೇನೆ. ಮೂವತ್ತು ವರ್ಷದಿಂದ ಹೇಳುತ್ತಲೇ ಬಂದಿದ್ದೇನೆ ಕಣೇ, ಯಾವ ಮುಖ ಇಟ್ಟುಕೊಂಡು ಹೇಳಿದೆನೋ.

ಇನ್ನು ವಿಷಯಕ್ಕೆ ಬರುತ್ತೇನೆ. ಇದು ನಿಮ್ಮಪ್ಪನ ವಿಷಯ. ಕಾಗದ ಮಡಿಸಿ ಇಟ್ಟುಬಿಡಬೇಡ, ಕೈಮುಗಿಯುತ್ತೇನೆ. "ಅವರ ಮಾತು ಎತ್ತಬೇಡ, ನನ್ನ ಮಟ್ಟಿಗೆ ತಂಗಿ ಬಟಾಣಿ ಹೋದ ದಿನವೇ ಅವರೂ ಹೋದರು" ಎಂದು ನೀನು ಬರೆದಿದ್ದು ನೆನಪಿದೆ. ಇಷ್ಟು ವರ್ಷ ಎತ್ತಲಿಲ್ಲ. ನಿನ್ನ ಮಾತಿಗೆ ಬೆಲೆ ಕೊಟ್ಟು ಎತ್ತಲಿಲ್ಲ ಎಂದು ನೀನು ತಿಳಿದಿದ್ದೆ. ಹಾಗಲ್ಲ, ನನಗೂ ಅದೇ ಬೇಕಾಗಿತ್ತು.

ನಮ್ಮ ಶಾಲೆಯಲ್ಲಿ ಒಂದು ಅಭ್ಯಾಸವಿದೆ, ನೀನು ಬಿಟ್ಟುಹೋದ ಮೇಲೆ ಶುರುವಾದದ್ದು. ಸಂಜೆ ಯಾವ ಕೋಣೆಗೆ ಬೀಗ ಹಾಕುವ ಮೊದಲೂ ಬಾಗಿಲಲ್ಲಿ ನಿಂತು "ಒಳಗೆ ಯಾರಿದ್ದೀರಿ?" ಎಂದು ಮೂರು ಸಲ ಜೋರಾಗಿ ಕೂಗಬೇಕು. ಖಾಲಿ ಕೋಣೆ ಎಂದು ಕಣ್ಣಿಗೆ ಕಾಣುತ್ತಿದ್ದರೂ ಕೂಗಬೇಕು. ಮಕ್ಕಳಿಗೆ ಅದೊಂದು ಆಟ, ಸರದಿ ಹಾಕಿಕೊಂಡು ಕೂಗುತ್ತಾರೆ. ಯಾರಾದರೂ ಮರೆತರೆ "ಏಯ್, ಗಂಟೆ ಮಾಮನ ಥರ ಮಾಡ್ಬೇಡ" ಎಂದು ಗದರುತ್ತಾರೆ. ಗಂಟೆ ಮಾಮ ಯಾರು, ಏನು ಮಾಡಿದ, ಒಬ್ಬರಿಗೂ ಗೊತ್ತಿಲ್ಲ. ಶಾಲೆಯ ಗಂಟೆ ಹೊಡೆಯುತ್ತಿದ್ದ ನಿಮ್ಮಪ್ಪ ಹೀಗೆ ಒಂದು ಗಾದೆಯ ಥರ ಆಗಿಹೋಗಿದ್ದಾರೆ. ದಿನಾ ಸಂಜೆ ನಾಲ್ಕು ಗಂಟೆಗೆ ಆ ಕೂಗು ಕೇಳಿಕೊಂಡು ನಾನು ಕೈಚೀಲ ಎತ್ತಿಕೊಂಡು ಮನೆಗೆ ಬರುತ್ತಿದ್ದೆ.

ಜನವರಿಯಲ್ಲಿ ಆ ಮಕ್ಕಳ ತಾಣದಲ್ಲೇ ಒಂದು ಚಟುವಟಿಕೆ ಇತ್ತು. ನಿಮ್ಮ ಶಾಲೆಯ ಯಾವುದಾದರೂ ಒಂದು ಅಭ್ಯಾಸವನ್ನು ಆರಿಸಿ, ಅದು ಯಾವಾಗ, ಯಾಕೆ ಶುರುವಾಯಿತು ಎಂದು ಹುಡುಕಿ, ಒಂದು ಪುಟ ಮಾಡಿ ಕಳಿಸಿ, ಬೇರೆ ಶಾಲೆಯ ಮಕ್ಕಳು ಓದುತ್ತಾರೆ ಎಂದು. ಪ್ರಾರ್ಥನೆಯನ್ನೋ ಶಾಲೆಯ ಬಾವುಟವನ್ನೋ ಆರಿಸುತ್ತಾರೆ ಎಂದುಕೊಂಡಿದ್ದೆ. ಕ್ಲಾಸಿನಲ್ಲಿ ಒಬ್ಬಳಿದ್ದಾಳೆ, ಎರಡು ಜಡೆಯವಳು, ಎಲ್ಲರೂ ಅವಳನ್ನು ಪ್ರಶ್ನೆಪೆಟ್ಟಿಗೆ ಎನ್ನುತ್ತಾರೆ. ಎದ್ದು ನಿಂತು "ಟೀಚರ್, ಒಳಗೆ ಯಾರಿದ್ದೀರಿ ಅಂತ ಯಾಕೆ ಕೂಗ್ತೀವಿ, ಅದನ್ನೇ ಹುಡುಕೋಣ" ಎಂದಳು. ಇಡೀ ಕ್ಲಾಸು ಹೋ ಎಂದಿತು. ಏನಂತ ಬೇಡ ಎನ್ನಲಿ?

ಏನೂ ಸಿಗಲಾರದು ಎಂಬ ಧೈರ್ಯವಿತ್ತು. ನಲವತ್ತೆಂಟು ವರ್ಷ ಕಳೆದಿದೆ. ಹಳೆಯ ಕಾಗದಗಳನ್ನೆಲ್ಲ ನಮ್ಮಪ್ಪ ಸುಟ್ಟಿರಬೇಕು ಎಂದುಕೊಂಡಿದ್ದೆ. ಆದರೆ ಅಪ್ಪ ಹೆಡ್ ಮಾಸ್ತರು ಕಣೇ, ದಾಖಲೆ ಸುಡುವ ಕೈ ಅವರದಲ್ಲ. ಸುಳ್ಳನ್ನು ಕೂಡ ನಕಲು ತೆಗೆದು, ಕ್ರಮಸಂಖ್ಯೆ ಹಾಕಿ, ಕಡತಕ್ಕೆ ಹೊಲಿದಿಟ್ಟಿದ್ದರು. ಹಳೆಯ ಕಟ್ಟಡ ಕೆಡವಿದಾಗ ಆ ಕಡತಗಳು ಗ್ರಂಥಾಲಯಕ್ಕೆ ಹೋದವು. ಗ್ರಂಥಾಲಯದವರು ಎಲ್ಲವನ್ನೂ ಸ್ಕ್ಯಾನ್ ಮಾಡಿ ತಮ್ಮ ಜಾಲತಾಣಕ್ಕೆ ಹಾಕಿದ್ದಾರೆ. ಯಾರು ಬೇಕಾದರೂ ತೆರೆದು ನೋಡಬಹುದು. ನೋಡುವವರಿಗೆ ಒಂಬತ್ತು ವರ್ಷ ವಯಸ್ಸಾಗಿದ್ದರೂ ಸರಿ.

ಫೆಬ್ರವರಿಯ ಮೊದಲ ವಾರ ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಕೂತಿದ್ದೆವು. ಅಲ್ಲಿರುವುದು ಎರಡೇ ಕಂಪ್ಯೂಟರು, ಒಂದಕ್ಕೆ ಕೀಲಿಮಣೆಯಲ್ಲಿ 'ಕ' ಇಲ್ಲ. ಮಕ್ಕಳು ಒಂದರ ಮೇಲೊಂದು ಬಿದ್ದು ಪರದೆ ನೋಡುತ್ತಿದ್ದರು. ಮೊದಲು ಹಳೆಯ ಪತ್ರಿಕೆಯ ಸುದ್ದಿ ಸಿಕ್ಕಿತು. ರಾತ್ರಿಯ ಮಳೆಗೆ ಶಾಲೆಯ ನಕ್ಷೆ ಕೋಣೆಯ ಹಿಂಗೋಡೆ ಕುಸಿದು, ಒಳಗಿದ್ದ ಐದು ವರ್ಷದ ಹೆಣ್ಣು ಮಗು ಸಾವು. ಆ ಮಗು ಶಾಲೆಯ ಜವಾನನದೇ. ನಾವು ನಕ್ಷೆಗಳನ್ನು ಸುತ್ತಿಡುತ್ತಿದ್ದ ಆ ಕೋಣೆ ಇದ್ದ ಜಾಗದಲ್ಲಿ ಈಗ ಕೈ ತೊಳೆಯುವ ನಲ್ಲಿಗಳಿವೆ. ಇವರು ದಿನಾ ಅಲ್ಲೇ ನೀರು ಎರಚಾಡುತ್ತಾರೆ.

ಆಮೇಲೆ ವಿಚಾರಣೆಯ ವರದಿ ಸಿಕ್ಕಿತು, ಅಪ್ಪನ ಮುತ್ತಿನಂಥ ಅಕ್ಷರ. 'ಜವಾನನು ಸಂಜೆ ನಾಲ್ಕು ಗಂಟೆಗೆ ಒಳಗೆ ಪರೀಕ್ಷಿಸದೆ ಬೀಗ ಹಾಕಿರುತ್ತಾನೆ. ಬೀಗ ಹಾಕಿದ್ದನ್ನು ವಿದ್ಯಾರ್ಥಿನಿಯೊಬ್ಬಳು ನೋಡಿರುತ್ತಾಳೆ.' ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಪ್ರಶ್ನೆಪೆಟ್ಟಿಗೆ ಬಿಡುವ ಪೈಕಿಯಲ್ಲ. ಅದೇ ತಿಂಗಳ ಸಿಬ್ಬಂದಿ ಹಾಜರಿ ಪುಸ್ತಕ ತೆರೆದು, ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ, ಬೆರಳಿಟ್ಟು ತೋರಿಸಿದಳು. ಜವಾನನ ಹೆಸರಿನ ಮುಂದೆ ಆ ದಿನದ ಚೌಕದಲ್ಲಿ ಕೆಂಪು ಶಾಯಿಯಲ್ಲಿ 'ಮಧ್ಯಾಹ್ನ ಅರ್ಧ ದಿನ ರಜೆ' ಎಂದಿತ್ತು. ಕೆಳಗೆ ಅಪ್ಪನದೇ ರುಜು.

"ಟೀಚರ್, ಮಧ್ಯಾಹ್ನಾನೇ ಹೋದವರು ನಾಲ್ಕು ಗಂಟೆಗೆ ಹೇಗೆ ಬೀಗ ಹಾಕ್ತಾರೆ?"

ಇನ್ನೊಬ್ಬ ಗೋಡೆಯ ರಟ್ಟು ನೋಡಿ ಕೇಳಿದ, "ಆ ವಿದ್ಯಾರ್ಥಿನಿ ಯಾರು ಟೀಚರ್? ಆಗ ಅವಳು ಎಲ್ಲಿದ್ದಳು? ಈಗ ಎಲ್ಲಿದ್ದಾಳೆ?"

ನಾನು ಕರೆಂಟು ಹೋಗಲಿ ಎಂದು ಬೇಡಿಕೊಂಡೆ. ಬೇರೆ ದಿನ ಹತ್ತು ಸಲ ಹೋಗುವ ಕರೆಂಟು ಅವತ್ತು ಹೋಗಲಿಲ್ಲ.

ನಿಮ್ಮಪ್ಪ ಅವತ್ತು ರಜೆ ಕೇಳಿರಲಿಲ್ಲ, ಕಡ್ಡಿ. ನಮ್ಮಪ್ಪನ ಕನ್ನಡಕ ಒಡೆದಿತ್ತು. ಹೊಸದು ತರಲು ಮಧ್ಯಾಹ್ನದ ಬಸ್ಸಿಗೆ ಅವರನ್ನು ಪಟ್ಟಣಕ್ಕೆ ಅಟ್ಟಿದ್ದು ಅಪ್ಪನೇ. ಸ್ವಂತ ಕೆಲಸಕ್ಕೆ ಶಾಲೆಯ ಆಳನ್ನು ಬಳಸಿದರೆ ತಪ್ಪಾಗುತ್ತದಲ್ಲ, ಅದಕ್ಕೆ ಅವರ ಲೆಕ್ಕಕ್ಕೇ ಅರ್ಧ ದಿನ ರಜೆ ಬರೆದರು. ಅಷ್ಟು ಪ್ರಾಮಾಣಿಕರು ನಮ್ಮಪ್ಪ! ಬೀಗದ ಕೈ ಗೊಂಚಲು ಜವಾನನ ಹತ್ತಿರವೇ ಇರಬೇಕು ಎಂದು ನಿಯಮ. ಅವತ್ತು ಅದು ನನ್ನ ಕೈಯಲ್ಲಿತ್ತು. ನಾನು ಹೆಡ್ ಮಾಸ್ತರ ಮಗಳು, ಕ್ಲಾಸಿನ ಮಾನಿಟರು, ಕೈಯಲ್ಲಿ ಗೊಂಚಲು ಝಣಝಣ ಎಂದರೆ ನನಗಿಂತ ದೊಡ್ಡವರಿಲ್ಲ. ಸಂಜೆ ಎಲ್ಲ ಕೋಣೆಗಳಿಗೂ ಬೀಗ ಹಾಕಿದ್ದು ನಾನು. ನಕ್ಷೆ ಕೋಣೆಗೂ ನಾನೇ. ಒಳಗೆ ಬಟಾಣಿ ಇದ್ದದ್ದು ನನಗೆ ಗೊತ್ತಿರಲಿಲ್ಲ.

ಆಗ ನಿಮ್ಮಮ್ಮ ಆಸ್ಪತ್ರೆಯಲ್ಲಿದ್ದರು, ನೀನು ನದಿಯಾಚೆ ಅತ್ತೆಯ ಮನೆಯಲ್ಲಿದ್ದೆ. ಬಟಾಣಿಯನ್ನು ನಿಮ್ಮಪ್ಪ ದಿನಾ ಶಾಲೆಗೆ ಕರೆತರುತ್ತಿದ್ದರು. ಬಸ್ಸಿಗೆ ಹೊರಡುವಾಗ ನನ್ನ ಕೈಗೆ ಅವಳ ಕೈ ಕೊಟ್ಟು, "ನೋಡ್ಕೋ ಕಂದಾ, ಸಂಜೆ ಇವಳತ್ತೆ ಬಂದು ಕರ್ಕೊಂಡು ಹೋಗ್ತಾಳೆ" ಎಂದಿದ್ದರು. ಅತ್ತೆ ಬಂದರು, ಶಾಲೆ ಮುಚ್ಚಿತ್ತು, ನಿಮ್ಮಪ್ಪನೇ ಪಟ್ಟಣಕ್ಕೆ ಜೊತೆಗೆ ಕರೆದೊಯ್ದಿರಬೇಕು ಎಂದು ವಾಪಸು ಹೋದರು. ನಿಮ್ಮಪ್ಪ ಅತ್ತೆಯ ಹತ್ತಿರ ಇದ್ದಾಳೆ ಎಂದುಕೊಂಡರು. ಇಬ್ಬರೂ ಹುಡುಕಲಿಲ್ಲ. ಬೆಳಗಿನ ಜಾವಕ್ಕೆ ಗೋಡೆ ಬಿತ್ತು.

ವಿಚಾರಣೆಯ ದಿನ ನಿಮ್ಮಪ್ಪ "ನಾನು ಊರಲ್ಲೇ ಇರ್ಲಿಲ್ಲ ಸ್ವಾಮಿ" ಎಂದರು. ನಮ್ಮಪ್ಪ "ಮೂರೂವರೆಗೇ ವಾಪಸ್ ಬಂದಿದ್ದ" ಎಂದರು. ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿ, ತುಂಬಾ ಮೃದುವಾಗಿ, "ಬೀಗ ಹಾಕಿದ್ದು ಇವರೇ ತಾನೇ ಮಗು?" ಎಂದು ಕೇಳಿದರು. ನಾನು ಹೂಂ ಎಂದೆ. ಯಾರೂ ಹೇಳಿಕೊಟ್ಟಿರಲಿಲ್ಲ, ಅಪ್ಪನೂ ಹೇಳಿಕೊಟ್ಟಿರಲಿಲ್ಲ. ಅಪ್ಪ ಸುಮ್ಮನೆ ತಮ್ಮ ಹೊಸ ಕನ್ನಡಕ ಒರೆಸುತ್ತಿದ್ದರು. ನಿಮ್ಮಪ್ಪ ನನ್ನ ಮುಖ ನೋಡಿದರು. ಬೈಯಲಿಲ್ಲ, ಅಳಲಿಲ್ಲ. ಅಲ್ಲಿಂದ ಮುಂದೆ ಒಂದು ಮಾತೂ ಆಡಲಿಲ್ಲ. ಕೆಲಸ ಹೋಯಿತು. ನಿಮ್ಮಮ್ಮ ಆಸ್ಪತ್ರೆಯಿಂದ ನೇರ ತವರಿಗೆ ಹೋದರು. ನೀನು ಅತ್ತೆಯ ಮನೆಯಲ್ಲೇ ಉಳಿದೆ. ನಿನ್ನ ಮದುವೆಯ ದಿನ ಅವರು ಛತ್ರದ ಎದುರಿನ ಅಂಗಡಿಯ ಕಟ್ಟೆಯ ಮೇಲೆ ಸಂಜೆಯವರೆಗೆ ಕೂತಿದ್ದರು. ನಾನು ನೋಡಿದೆ. ನಿನಗೆ ಹೇಳಲಿಲ್ಲ.

ಕೈ ನೋಯುತ್ತಿದೆ. ನಾಳೆ ಬರೆಯುತ್ತೇನೆ.

ಮಾರ್ಚ್ ೧೧, ಮಂಗಳವಾರ

ನಿನ್ನೆ ಬರೆಯಲಾಗಲಿಲ್ಲ. ಯಾಕೆಂದು ಹೇಳುತ್ತೇನೆ, ಅದಕ್ಕೂ ಮೊದಲು ಹೇಳಬೇಕಾದ್ದು ಒಂದಿದೆ. ನಿಮ್ಮಪ್ಪನನ್ನು ಮಕ್ಕಳು ಕಂಡುಹಿಡಿದರು.

ಬೇರೆ ಯಾರಾದರೂ ನೋಡಿದ್ದಾರಾ ಎಂಬ ನಾಲ್ಕನೇ ಪ್ರಶ್ನೆಗೆ ಬಂದಾಗ ಕೊನೆಯ ಬೆಂಚಿನವನೊಬ್ಬ ಕೈಯೆತ್ತಿದ. ಅವನ ಅಮ್ಮ ಪಟ್ಟಣದ ವೃದ್ಧಾಶ್ರಮದಲ್ಲಿ ನರ್ಸು. "ಅಲ್ಲೊಬ್ಬರು ತಾತ ಇದ್ದಾರೆ ಟೀಚರ್. ದಿನಾ ನಾಲ್ಕು ಗಂಟೆ ಆದ ತಕ್ಷಣ ಚಮಚದಿಂದ ಲೋಟಕ್ಕೆ ಹೊಡೀತಾರೆ. ಶಾಲೆ ಬಿಡ್ತು, ಎಲ್ಲಾ ಮನೆಗೆ ಹೋಗಿ ಅಂತಾರೆ." ಸಾಮಿಲ್ಲಿನಲ್ಲಿ ಮೂವತ್ತು ವರ್ಷ ಕಾವಲು ಕಾದು, ಕೈಲಾಗದೆ ಹೋದ ಮೇಲೆ ಅಲ್ಲಿಗೆ ಸೇರಿದರಂತೆ. ನೋಡಲು ಬರುವವರು ಯಾರೂ ಇಲ್ಲ. ಎಂಬತ್ತನಾಲ್ಕು ವಯಸ್ಸು.

ಹಿರಿಯರನ್ನು ಹೇಗೆ ಮಾತಾಡಿಸಬೇಕು ಎಂದು ತಾಣದಲ್ಲಿ ಒಂದು ಪಟ್ಟಿಯೇ ಇದೆ. ಸುಲಭದ ಪ್ರಶ್ನೆಯಿಂದ ಶುರು ಮಾಡಿ, ಅವರು ಸುಮ್ಮನಾದರೆ ನೀವೂ ಕಾಯಿರಿ ಎಂದೆಲ್ಲ. ಅದನ್ನು ಇಟ್ಟುಕೊಂಡು ಮಕ್ಕಳು ಮೂರು ವಾರದ ಹಿಂದೆ ವೀಡಿಯೊ ಕರೆ ಮಾಡಿದರು. ನಾನು ಕ್ಯಾಮೆರಾಕ್ಕೆ ಕಾಣದ ಹಾಗೆ ಬೀರುವಿನ ಪಕ್ಕ ನಿಂತೆ. ನಿಮ್ಮಪ್ಪ ಪರದೆಯ ತುಂಬ ಬಂದರು. ಮೂಳೆ ಮೂಳೆ ಆಗಿದ್ದಾರೆ ಕಣೇ. ಆದರೆ ಆ ಕಿವಿ ಹಾಗೇ ಇದೆ, ನಿನ್ನದೂ ಅದೇ ಕಿವಿ.

"ತಾತ, ನಿಮ್ಮ ಗಂಟೆ ಎಷ್ಟು ದೊಡ್ಡದಿತ್ತು?"

"ನಿನ್ನ ತಲೆಯಷ್ಟು. ಆದ್ರೆ ನಿನ್ನಷ್ಟು ಮಾತಾಡ್ತಿರ್ಲಿಲ್ಲ."

ಮಕ್ಕಳು ಬಿದ್ದು ಬಿದ್ದು ನಕ್ಕರು, ಅವರೂ ನಕ್ಕರು. ಆಮೇಲೆ ಪ್ರಶ್ನೆಪೆಟ್ಟಿಗೆ ಮುಂದೆ ಬಂದು ಕೇಳಿಯೇಬಿಟ್ಟಳು. "ತಾತ, ಆ ದಿನ ಮಧ್ಯಾಹ್ನ ನಿಮಗೆ ರಜೆ ಅಲ್ವಾ? ಪುಸ್ತಕದಲ್ಲಿ ಇದೆ. ಹಾಗಾದ್ರೆ ಬೀಗ ಹಾಕಿದ್ದು ಯಾರು?"

ಅವರು ಸುಮ್ಮನಾದರು. ಮಕ್ಕಳು ಪಟ್ಟಿಯಲ್ಲಿದ್ದಂತೆ ಕಾದರು. ಸುಮಾರು ಹೊತ್ತಾದ ಮೇಲೆ ಅವರು "ಅಲ್ಲಿ ಬೀರು ಹತ್ರ ಯಾರಿದ್ದಾರೆ? ಸೆರಗು ಕಾಣ್ತಿದೆ" ಎಂದರು. ನಾನು ಮುಂದೆ ಬರಲೇಬೇಕಾಯಿತು.

"ಹೆಡ್ ಮಾಸ್ತರ ಮಗಳಲ್ವಾ ನೀನು? ಟೀಚರ್ ಆದ್ಯಾ ಕಂದಾ? ಒಳ್ಳೇದಾಯ್ತು. ಕಡ್ಡಿ ನಿಂಗೆ ಕಾಗದ ಹಾಕ್ತಾಳಾ?"

ಹೂಂ ಎಂದೆ.

"ಚೆನ್ನಾಗಿದ್ದಾಳಾ?"

ಅದಕ್ಕೂ ಹೂಂ ಎಂದೆ. ಅವರು ಮಕ್ಕಳ ಕಡೆ ತಿರುಗಿದರು. "ಬೀಗ ಹಾಕಿದ್ದು ನಾನೇ ಮಕ್ಕಳೇ. ಹಾಗೇ ಬರ್ಕೊಳ್ಳಿ. ನೀವು ಮೂರು ಸಲ ಕೂಗೋದು ಬಿಡ್ಬೇಡಿ."

ಕರೆ ಮುಗಿದ ಮೇಲೆ ಪ್ರಶ್ನೆಪೆಟ್ಟಿಗೆ ತುಂಬಾ ಹೊತ್ತು ರಟ್ಟನ್ನೇ ನೋಡುತ್ತಿದ್ದಳು. "ಟೀಚರ್, ತಾತ ಸುಳ್ಳು ಹೇಳ್ತಿದ್ದಾರೆ. ಆದ್ರೆ ಹಾಗೆ ಹೇಳಿದ್ರೆ ಅವರಿಗೇನು ಲಾಭ?" ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ನನಗೆ ಅಷ್ಟು ಕಷ್ಟದ ಪ್ರಶ್ನೆಯನ್ನು ಯಾವ ಮಗುವೂ ಕೇಳಿರಲಿಲ್ಲ. ಗಂಟೆ ಹೊಡೆಯಿತು, ಹೋಗ್ರೋ ಎಂದು ಕಳಿಸಿಬಿಟ್ಟೆ. ಮಕ್ಕಳು ಮೂರು ಸಲ ಕೂಗಿ ಬಾಗಿಲು ಹಾಕಿದರು.

ಮೂರು ವಾರ ಅವರ ಪುಟ ಅರ್ಧಕ್ಕೆ ನಿಂತಿತ್ತು. ಬೀಗ ಹಾಕಿದವರು ಎಂಬಲ್ಲಿ ಖಾಲಿ ಜಾಗ ಬಿಟ್ಟಿದ್ದರು. ನಿನಗೆ ಭಾನುವಾರ ಅಷ್ಟು ಬರೆದ ಮೇಲೆ ನಿನ್ನೆ ಕ್ಲಾಸಿಗೆ ಹೋಗಿ ಕುರ್ಚಿಯ ಮೇಲೆ ಕೂತು, "ಆ ವಿದ್ಯಾರ್ಥಿನಿ ನಾನು. ಬೀಗ ಹಾಕಿದ್ದೂ ನಾನು. ವಿಚಾರಣೆಯಲ್ಲಿ ಸುಳ್ಳು ಹೇಳಿದ್ದೂ ನಾನು" ಎಂದೆ. ನೆಲ ನೋಡಿಕೊಂಡು ಹೇಳಿದೆ. ಮುಂದಿನ ಬೆಂಚಿನವಳೊಬ್ಬಳು ಅತ್ತಳು. ಪ್ರಶ್ನೆಪೆಟ್ಟಿಗೆ ಎದ್ದು ಬಂದು ಮೆಲ್ಲಗೆ ಕೇಳಿದಳು, "ಒಳಗೆ ಇದ್ದದ್ದು ನಿಮಗೆ ಗೊತ್ತಿರ್ಲಿಲ್ಲ ಅಲ್ವಾ ಟೀಚರ್?"

ಇಲ್ಲ ಎಂದೆ. ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ, ನನ್ನ ಮೊಣಕೈ ಸವರಿ ಹೋಗಿ ಕೂತಳು.

ಮಧ್ಯಾಹ್ನದೊಳಗೆ ಸುದ್ದಿ ಮನೆಮನೆಗೆ ಹೋಯಿತು. ಹೆಡ್ ಮಿಸ್ ನನ್ನನ್ನು ಕರೆಸಿದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಒಳ್ಳೆಯವರು. "ಇನ್ನು ಮೂರು ತಿಂಗಳಿಗೆ ರಿಟೈರ್ ಆಗ್ತೀರಿ ಮಿಸ್, ಯಾಕೆ ಬೇಕಿತ್ತು ಇದೆಲ್ಲ? ಮಕ್ಕಳ ಪುಟ ನಿಲ್ಲಿಸೋಣ. ನಿಮ್ಮ ತಂದೆಯವರ ಫೋಟೋ ಬೇರೆ ಹಾಲಿನ ಗೋಡೆ ಮೇಲಿದೆ" ಎಂದರು. ಪುಟ ನಿಲ್ಲಿಸುವುದಾದರೆ ನಾಳೆಯಿಂದಲೇ ನಾನು ಬರುವುದಿಲ್ಲ ಎಂದೆ. ಫೋಟೋ ಇಳಿಸುವುದು ಬಿಡುವುದು ನಿಮ್ಮಿಷ್ಟ ಎಂದೆ. ಇವತ್ತು ಬೆಳಿಗ್ಗೆ ಮಕ್ಕಳು ಪುಟವನ್ನು ಕಳಿಸಿದರು. ಅದರ ಕೊನೆಯ ಸಾಲು ಹೀಗಿದೆ: 'ಗಂಟೆ ತಾತ ಬೀಗ ಹಾಕಲಿಲ್ಲ. ಇನ್ನು ಮುಂದೆ ಗಂಟೆ ಮಾಮನ ಥರ ಮಾಡಬೇಡ ಎಂದು ನಾವು ಹೇಳುವುದಿಲ್ಲ.' ಫೋಟೋ ಇನ್ನೂ ಹಾಲಿನಲ್ಲೇ ಇದೆ. ಅಪ್ಪ ಕನ್ನಡಕ ಹಾಕಿಕೊಂಡು ನೋಡುತ್ತಿದ್ದಾರೆ.

ಪುಟದ ವಿಳಾಸವನ್ನು ಹಿಂಬದಿಯಲ್ಲಿ ಬರೆದಿದ್ದೇನೆ. ಮೊಮ್ಮಗಳಿಗೆ ತೋರಿಸುವ ಮೊದಲು ನೀನು ಓದು. ಅದರ ಕೆಳಗೆ ವೃದ್ಧಾಶ್ರಮದ ವಿಳಾಸವೂ ಇದೆ. ಭೇಟಿಯ ಸಮಯ ನಾಲ್ಕರಿಂದ ಆರು. ನರ್ಸಮ್ಮ ಹೇಳಿದರು, ಅವರ ಹೃದಯ ತುಂಬಾ ಸೋತಿದೆ, ಬೇಸಿಗೆ ದಾಟುವುದು ಕಷ್ಟ ಅಂತ. ತಡಮಾಡಬೇಡ. ಮಂಡಿ ನೋವು, ಮಗಳಿಗೆ ಪುರುಸೊತ್ತಿಲ್ಲ, ಅದು ಇದು ಎನ್ನಬೇಡ, ಒಂದು ಕಾರು ಮಾಡಿಕೊಂಡು ಹೋಗು. ಅವರ ಹತ್ತಿರ ಏನು ಮಾತಾಡಲಿ ಎಂದು ಯೋಚಿಸಬೇಡ. ನಾಲ್ಕಕ್ಕೆ ಸರಿಯಾಗಿ ಹೋದರೆ ಲೋಟಕ್ಕೆ ಹೊಡೆಯುತ್ತಿರುತ್ತಾರೆ, ಪಕ್ಕದಲ್ಲಿ ಕೂತರೆ ಸಾಕು.

ನನ್ನ ಹತ್ತಿರ ಆಮೇಲೆ ಬಾ. ಬೈಯಲು ಬಂದರೂ ಸರಿ, ಎಂದೂ ಬರದಿದ್ದರೂ ಸರಿ. ನಿನ್ನ ಮನೆ ತಂಪಾಗಿರಲಿ. ಮಗಳು, ಅಳಿಯ ಸುಖವಾಗಿರಲಿ. ಮೊಮ್ಮಗಳು ದೊಡ್ಡವಳಾಗಿ, ಎದುರಿಗೆ ಯಾರೇ ಇದ್ದರೂ ಹೆದರದೆ ಪ್ರಶ್ನೆ ಕೇಳುವವಳಾಗಲಿ. ಅವಳಿಗೆ ನನ್ನ ಮುತ್ತು ಕೊಡು, ಕೊಡಲು ಮನಸ್ಸಾದರೆ.

ನಿನ್ನ
ಡುಮ್ಮಿ

ಮರೆತದ್ದಲ್ಲ, ಬಿಟ್ಟದ್ದು:

ಲಕೋಟೆಗೆ ಹಾಕಿ ಅಂಟಿಸಿದ್ದೆ, ಮತ್ತೆ ಹರಿದೆ. 'ಒಳಗೆ ಬಟಾಣಿ ಇದ್ದದ್ದು ನನಗೆ ಗೊತ್ತಿರಲಿಲ್ಲ' ಎಂದು ಭಾನುವಾರ ಬರೆದಿದ್ದೇನೆ ನೋಡು. ಅದನ್ನು ಹೊಡೆದುಹಾಕಿಲ್ಲ, ಹಾಗೇ ಇರಲಿ. ಸರಿಯಾದದ್ದನ್ನು ಇಲ್ಲಿ ಬರೆಯುತ್ತೇನೆ.

ಗೊತ್ತಿತ್ತು. ದೊಡ್ಡ ನಕ್ಷೆಯ ಸಮುದ್ರದ ಮೇಲೆಲ್ಲ ಅವಳು ಸೀಮೆಸುಣ್ಣದಿಂದ ಮೀನು ಬರೆದಿದ್ದಳು. ನನಗೆ ಸಿಟ್ಟು ಬಂತು. ನೂರು ಎಣಿಸೋವರೆಗೆ ಇಲ್ಲೇ ಇರು ಎಂದು ಹೇಳಿ ಬೀಗ ಹಾಕಿದೆ. ಅವಳಿಗೆ ಇಪ್ಪತ್ತರವರೆಗೆ ಮಾತ್ರ ಬರುತ್ತಿತ್ತು. ಇಪ್ಪತ್ತಾದ ಮೇಲೆ ಮತ್ತೆ ಒಂದರಿಂದ ಶುರು ಮಾಡಿದಳು. ಆಗ ಅಪ್ಪ ಗೇಟಿನಿಂದ ಮೋಡ ಕಟ್ಟಿದೆ, ಬೇಗ ಬಾ ಎಂದು ಕರೆದರು, ನಾನು ಓಡಿದೆ. ಮರೆತೇಬಿಟ್ಟೆ. ಇಷ್ಟಕ್ಕಾದರೂ ದೇವರು ನನ್ನನ್ನು ಕ್ಷಮಿಸುತ್ತಿದ್ದನೇನೋ.

ಎಂಟು ಗಂಟೆಗೆ ನಿಮ್ಮಪ್ಪ ಮಳೆಯಲ್ಲಿ ತೊಯ್ದುಕೊಂಡು ಕನ್ನಡಕ ಕೊಡಲು ನಮ್ಮ ಮನೆಗೆ ಬಂದರು. ಬಾಗಿಲು ತೆಗೆದದ್ದು ನಾನು. "ಜೋಪಾನ ಕಂದಾ, ಗಾಜು" ಎಂದು ನನ್ನ ಕೈಗೆ ಕೊಟ್ಟರು. ಆಮೇಲೆ, ಹೊರಡುತ್ತಾ, "ಬಟಾಣಿ ಅತ್ತೆ ಜೊತೆ ಹೋದ್ಲಾ?" ಎಂದು ಕೇಳಿದರು. ಅವರು ಆ ಹೆಸರು ಹೇಳಿದ ಕೂಡಲೇ ನನಗೆ ನೆನಪಾಯಿತು. ಒಳಗೆ ಅಪ್ಪ ಇದ್ದರು, ನಿಜ ಹೇಳಿದರೆ ಚರ್ಮ ಸುಲಿಯುತ್ತಾರೆ ಎಂದು ಹೆದರಿದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ ತೆಗೆದರಾಯಿತು ಎಂದುಕೊಂಡೆ.

ಹೂಂ ಎಂದೆ.

ಬೀಗದ ಕೈ ಗೊಂಚಲು ಬಾಗಿಲ ಪಕ್ಕದ ಮೊಳೆಯಲ್ಲೇ ಇತ್ತು, ಕೈ ಚಾಚಿದರೆ ಸಿಗುತ್ತಿತ್ತು. ಗೋಡೆ ಆಗ ಇನ್ನೂ ನಿಂತಿತ್ತು, ಕಡ್ಡಿ.